ಎಷ್ಟು ಕಿರಣ ಬಿತ್ತು ಅಂತ ಬರೆದು ಕೊಡಿ ಸ್ವಾಮೀ

ಮ್ಯಾಮೊಗ್ರಾಂ ಮಾಡಿಸಿಕೊಂಡು ಹೊರಗೆ ಬಂದ ಹೆಂಗಸಿನ ಕೈಗೆ ಲ್ಯಾಬಿನವರು ಏನೇನೆಲ್ಲ ಕೊಡ್ತಾರೆ ನೋಡಿ. ದೊಡ್ಡ ಕವರಿನಲ್ಲಿ ಫಿಲ್ಮು, ಎರಡು ಪುಟದ ರಿಪೋರ್ಟು, ಕೇಳಿದರೆ ಒಂದು ಸಿಡಿ, ಕೇಳದಿದ್ದರೂ ಒಂದು ಬಿಲ್ಲು. ಕೊಡದೇ ಇರೋದು ಒಂದೇ ಒಂದು ಸಂಖ್ಯೆ. ಆ ಹತ್ತು ನಿಮಿಷದಲ್ಲಿ ಅವಳಿಗೆ ಎಷ್ಟು ವಿಕಿರಣ ಬಿತ್ತು ಅನ್ನೋದು.

ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ: ಆ ಸಂಖ್ಯೆಯನ್ನ ಈಗಿನ ಡಿಜಿಟಲ್ ಮಷೀನು ಹೇಗೂ ಲೆಕ್ಕ ಹಾಕಿರತ್ತೆ, ಪರದೆಯ ಮೇಲೆ ತೋರಿಸಿರತ್ತೆ, ಫೈಲಿನಲ್ಲೂ ಬರೆದಿಟ್ಟಿರತ್ತೆ. ಅದನ್ನ ರಿಪೋರ್ಟಿನಲ್ಲಿ ಒಂದು ಸಾಲಾಗಿ ಪ್ರಿಂಟ್ ಮಾಡಿ ಕೊಡಬೇಕು. ಕೇಳಿದವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಈಗ ಇರೋದು ಹೇಗಪ್ಪಾ ಅಂದರೆ, ಆಟೋದಲ್ಲಿ ಮೀಟರ್ ಓಡ್ತಾ ಇದೆ, ಆದರೆ ಡ್ರೈವರ್ ಅದರ ಮೇಲೆ ಟವೆಲ್ ಹಾಕಿ "ಜಾಸ್ತಿ ಏನೂ ಆಗಲ್ಲ ಬಿಡಿ ಮೇಡಂ" ಅಂತಾನಲ್ಲ, ಹಾಗೆ.

ಹಲಸೂರು ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಇಂದಿರಾನಗರದ ಕಡೆ ನಡೆದರೆ ಡಯಾಗ್ನೋಸ್ಟಿಕ್ ಸೆಂಟರುಗಳ ಬೋರ್ಡಿಗೆ ಬರವಿಲ್ಲ. ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್ ಅಂಟಿಸಿಕೊಂಡ ರಿಯಾಯಿತಿ ಪ್ಯಾಕೇಜುಗಳು. ಇದರ ಜೊತೆಗೇ ಇನ್ನೊಂದು ಕಡೆಯಿಂದ ವಾಟ್ಸಾಪಿನಲ್ಲಿ "ಮ್ಯಾಮೊಗ್ರಾಂನಿಂದಲೇ ಕ್ಯಾನ್ಸರ್ ಬರತ್ತೆ, ಎಲ್ಲ ಅಕ್ಕತಂಗಿಯರಿಗೂ ಕಳಿಸಿ" ಅನ್ನೋ ಫಾರ್ವರ್ಡು. ಒಬ್ಬರು "ಏನೂ ಆಗಲ್ಲ" ಅಂತಾರೆ, ಇನ್ನೊಬ್ಬರು "ಎಲ್ಲಾ ಆಗತ್ತೆ" ಅಂತಾರೆ. ಇಬ್ಬರ ಹತ್ತಿರವೂ ಅಂಕಿ ಇಲ್ಲ.

ಮೊದಲನೇ ತೊಡಕು ನಮ್ಮ ಭಾಷೆಯಲ್ಲೇ ಇದೆ. ಸ್ತನ ಅನ್ನೋ ಪದ ಬಾಯಲ್ಲಿ ಬರೋಕೆ ನಾಚಿಕೆ, ಅದಕ್ಕೇ "ಎದೆ ಎಕ್ಸ್‌ರೇ" ಅಂದುಬಿಡ್ತೀವಿ. ಆದರೆ ಎದೆ ಎಕ್ಸ್‌ರೇ ಅಂದರೆ ಕೆಮ್ಮು ಬಂದಾಗ ಶ್ವಾಸಕೋಶ ನೋಡೋಕೆ ತೆಗೆಯೋದು. ಎರಡೂ ಬೇರೆ ಬೇರೆ ಮಷೀನು, ಬೇರೆ ಬೇರೆ ಲೆಕ್ಕ. ಮ್ಯಾಮೊಗ್ರಾಂನಲ್ಲಿ 25ರಿಂದ 32 ಕಿಲೋವೋಲ್ಟಿನ ಸುಮಾರಿನ ಮೆತ್ತಗಿನ ಕಿರಣ. ಅಷ್ಟು ಮೆತ್ತಗೆ ಇದ್ದರೆ ಮಾತ್ರ ಕೊಬ್ಬು ಯಾವುದು, ಗ್ರಂಥಿ ಯಾವುದು, ಗಂಟು ಯಾವುದು ಅಂತ ಬೇರೆ ಬೇರೆಯಾಗಿ ಕಾಣೋದು. ಆದರೆ ಮೆತ್ತಗಿನ ಕಿರಣ ಬೇಗ ಹೀರಿಕೊಂಡು ಹೋಗತ್ತೆ. ಕಿರಣ ಒಳಗೆ ಹೋಗೋ ಕಡೆ ಬೀಳೋ ಡೋಸು, ಹೊರಗೆ ಬರೋ ಕಡೆಯದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾದರೆ "ಎಷ್ಟು ಬಿತ್ತು" ಅನ್ನೋದಕ್ಕೆ ಯಾವ ಜಾಗದ ಅಂಕಿ ಹೇಳೋದು? ಚರ್ಮದ ಮೇಲಿನದೋ, ಮಧ್ಯದ್ದೋ, ಕೆಳಗಿನದೋ? ತಜ್ಞರು ಒಪ್ಪಿಕೊಂಡಿರೋದು ಇದನ್ನ: ಕ್ಯಾನ್ಸರ್ ಹುಟ್ಟೋದು ಹೆಚ್ಚಾಗಿ ಗ್ರಂಥಿಯ ಅಂಗಾಂಶದಲ್ಲಿ, ಕೊಬ್ಬಿನಲ್ಲಿ ಅಲ್ಲ. ಆದ್ದರಿಂದ ಗ್ರಂಥಿ ಭಾಗ ಹೀರಿಕೊಂಡ ಶಕ್ತಿಯ ಸರಾಸರಿ ತೆಗೀಬೇಕು. ಇದಕ್ಕೆ ಮೀನ್ ಗ್ಲಾಂಡ್ಯುಲರ್ ಡೋಸ್ ಅಂತ ಹೆಸರು. ಕನ್ನಡದಲ್ಲಿ ಸರಾಸರಿ ಗ್ರಂಥಿ ಡೋಸ್ ಅನ್ನೋಣ. ಅಳೆಯೋದು ಮಿಲಿಗ್ರೇಯಲ್ಲಿ. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿ ಹೀರಿಕೊಂಡರೆ ಒಂದು ಗ್ರೇ, ಅದರ ಸಾವಿರದ ಒಂದು ಭಾಗ ಮಿಲಿಗ್ರೇ.

ಇಲ್ಲೇ ಸ್ವಾರಸ್ಯ ಇರೋದು. ಬದುಕಿರೋ ಹೆಂಗಸಿನ ಮೈಯೊಳಗೆ ಮೀಟರ್ ಇಟ್ಟು ಅಳೆಯೋಕೆ ಆಗಲ್ಲವಲ್ಲ. ಅದಕ್ಕೇ ಈ ಸಂಖ್ಯೆ ಅಳತೆ ಅಲ್ಲ, ಅಂದಾಜು. ಮೊದಲು ಟ್ಯೂಬಿನಿಂದ ಎಷ್ಟು ಕಿರಣ ಹೊರಡತ್ತೆ ಅಂತ ಅಯಾನೈಸೇಶನ್ ಚೇಂಬರ್ ಅಥವಾ ಡಿಟೆಕ್ಟರ್ ಇಟ್ಟು ಅಳೆದಿಟ್ಟುಕೊಂಡಿರ್ತಾರೆ. ಆಮೇಲೆ ಪ್ರತಿ ಚಿತ್ರಕ್ಕೂ ಎಷ್ಟು ಕಿಲೋವೋಲ್ಟು, ಎಷ್ಟು ಮಿಲಿಆಂಪಿಯರ್ ಸೆಕೆಂಡು, ಯಾವ ಫಿಲ್ಟರು, ಒತ್ತಿದ ಮೇಲೆ ದಪ್ಪ ಎಷ್ಟು ಅಂತ ಮಷೀನಿಗೆ ಗೊತ್ತು. ಅದರಿಂದ ಚರ್ಮದ ಮೇಲೆ ಬಂದು ತಲುಪಿದ್ದು ಎಷ್ಟು ಅಂತ ಸಿಗತ್ತೆ. ಅದಕ್ಕೆ ಕೆಲವು ಗುಣಕಗಳನ್ನ ಗುಣಿಸಬೇಕು.

ಯೂರೋಪಿನಲ್ಲಿ ಬಹಳ ವರ್ಷ ನಡೆದು ಬಂದದ್ದು ಬ್ರಿಟನ್ನಿನ ಡೇವಿಡ್ ಡ್ಯಾನ್ಸ್ 1990ರಲ್ಲಿ ಕೊಟ್ಟು, 2000ದಲ್ಲಿ ವಿಸ್ತರಿಸಿದ ಪದ್ಧತಿ. ಮೂರು ಗುಣಕ: ಜಿ, ಸಿ, ಎಸ್. ಜಿ ಅನ್ನೋದು ಅರ್ಧ ಕೊಬ್ಬು ಅರ್ಧ ಗ್ರಂಥಿ ಇರೋ ಮಾದರಿ ಸ್ತನಕ್ಕೆ. ಸಿ ಅನ್ನೋದು ಆ ಅರ್ಧರ್ಧ ಅಲ್ಲದಿದ್ದರೆ ಮಾಡೋ ತಿದ್ದುಪಡಿ. ಎಸ್ ಅನ್ನೋದು ಕಿರಣದ ಬಗೆಗೆ. ಅಮೆರಿಕಾದವರದು ಬೇರೆ ಕೋಷ್ಟಕ, ತರ್ಕ ಒಂದೇ. ಈ ಗುಣಕಗಳು ಎಲ್ಲಿಂದ ಬಂದವು ಅಂದರೆ ಕಂಪ್ಯೂಟರಿನಿಂದ. ಒಂದು ಮಾದರಿ ಸ್ತನವನ್ನ ಪ್ರೋಗ್ರಾಮಿನಲ್ಲಿ ಬರೆದು, ಲಕ್ಷಾಂತರ ಫೋಟಾನುಗಳನ್ನ ಒಂದೊಂದಾಗಿ ಬಿಟ್ಟು, ಯಾವುದು ಎಲ್ಲಿ ಬಡಿದು ಎಲ್ಲಿ ಶಕ್ತಿ ಬಿಟ್ಟಿತು ಅಂತ ಲೆಕ್ಕ ಇಡೋದು. ಮಾಂಟೆ ಕಾರ್ಲೊ ಅಂತೀವಲ್ಲ, ಅದೇ. ಇಂಜಿನಿಯರಿಂಗ್ ಓದಿದವರೆಲ್ಲ ಒಂದಲ್ಲ ಒಂದು ಲ್ಯಾಬಿನಲ್ಲಿ ದಾಳ ಎಸೆಯೋ ಪ್ರೋಗ್ರಾಂ ಬರೆದಿರ್ತೀವಿ, ಅದರ ದೊಡ್ಡಣ್ಣ.

ಮಾದರಿ ಅಂದಮೇಲೆ ಊಹೆಗಳೂ ಇರಲೇಬೇಕು. ಬಹಳ ವರ್ಷ ಎಲ್ಲರೂ ಇಟ್ಟುಕೊಂಡಿದ್ದ ಊಹೆ, ಸರಾಸರಿ ಸ್ತನದಲ್ಲಿ ಅರ್ಧ ಗ್ರಂಥಿ ಅರ್ಧ ಕೊಬ್ಬು ಅಂತ. 2009ರಲ್ಲಿ ಕೆನಡಾದ ಮಾರ್ಟಿನ್ ಯಾಫೆ ಮತ್ತು ಸಂಗಡಿಗರು ಸಾವಿರಾರು ಚಿತ್ರಗಳನ್ನ ಅಳೆದು ನೋಡಿದರೆ ಗ್ರಂಥಿಯ ಪಾಲು ಸರಾಸರಿ 14ರಿಂದ 19 ಶೇಕಡ ಮಾತ್ರ! ಅವರು ತಮ್ಮ ಲೇಖನದ ಹೆಸರಿನಲ್ಲೇ ಈ ಅರ್ಧರ್ಧದ ಕಥೆಯನ್ನ ಮಿಥ್ಯೆ ಅಂತ ಕರೆದುಬಿಟ್ಟರು. ಎರಡನೇ ಊಹೆ, ಗ್ರಂಥಿ ಮತ್ತು ಕೊಬ್ಬು ಉಪ್ಪಿಟ್ಟಿನಲ್ಲಿ ರವೆ ಮತ್ತು ಎಣ್ಣೆ ಬೆರೆತ ಹಾಗೆ ಸಮವಾಗಿ ಬೆರೆತಿವೆ ಅಂತ. ನಿಜದಲ್ಲಿ ಗ್ರಂಥಿ ಹೆಚ್ಚಾಗಿ ಮಧ್ಯದಲ್ಲಿ ಕೂಡಿಕೊಂಡಿರತ್ತೆ, ಮೇಲಿನ ಕೊಬ್ಬು ಅದಕ್ಕೆ ಕೊಡೆ ಹಿಡಿದ ಹಾಗೆ. ಸಮವಾಗಿ ಬೆರೆತಿದೆ ಅಂದುಕೊಂಡ ಲೆಕ್ಕ ನಿಜಕ್ಕಿಂತ ಸರಾಸರಿ 30 ಶೇಕಡದ ಸುಮಾರು ಜಾಸ್ತಿ ತೋರಿಸತ್ತೆ ಅಂತ ಆಮೇಲಿನ ಅಧ್ಯಯನಗಳು ಕಂಡುಕೊಂಡವು. 2024ರಲ್ಲಿ ಅಮೆರಿಕಾದ ಮತ್ತು ಯೂರೋಪಿನ ಮೆಡಿಕಲ್ ಫಿಸಿಕ್ಸ್ ಸಂಘಗಳು ಜೊತೆಯಾಗಿ ಇದನ್ನೆಲ್ಲ ಸರಿಪಡಿಸಿ ಹೊಸ ಲೆಕ್ಕದ ಪದ್ಧತಿ ಪ್ರಕಟಿಸಿವೆ.

ಮೂರನೇದು ನಮಗೆ ಸಂಬಂಧಪಟ್ಟದ್ದು. ಡ್ಯಾನ್ಸ್ ಅವರ 2000ದ ಕೋಷ್ಟಕದಲ್ಲಿ ವಯಸ್ಸಿಗೆ ತಕ್ಕ ಗ್ರಂಥಿಯ ಪಾಲು ಅಂತ ಬರೆದಿರೋದು ಬ್ರಿಟನ್ನಿನ ಸ್ಕ್ರೀನಿಂಗಿಗೆ ಬಂದ ಹೆಂಗಸರದು. ಹಲಸೂರಿನ ಅಥವಾ ಹಾಸನದ ಹೆಂಗಸಿನದಲ್ಲ. ನಮ್ಮ ಕಡೆ ಮಷೀನು ತೋರಿಸೋ ಅಂಕಿ ಇನ್ನೊಂದು ದೇಶದವರ ಅಳತೆಗೆ ಹೊಲಿದ ರವಿಕೆ. ತೊಡಬಹುದು, ಆದರೆ ಎಲ್ಲಿ ಸಡಿಲ ಎಲ್ಲಿ ಬಿಗಿ ಅಂತ ಗೊತ್ತಾಗಬೇಕಾದರೆ ನಮ್ಮವರ ಅಂಕಿಗಳು ಒಂದು ಕಡೆ ಸೇರಬೇಕು. ರಿಪೋರ್ಟಿನಲ್ಲೇ ಬರೆಯದಿದ್ದರೆ ಸೇರೋದು ಹೇಗೆ? ಬ್ರಿಟನ್ನಿನಲ್ಲಿ 1988ರಿಂದ ಸರ್ಕಾರವೇ ಕರೆದು ಮ್ಯಾಮೊಗ್ರಾಂ ಮಾಡತ್ತೆ, ಡೋಸಿನ ಸಮೀಕ್ಷೆಯನ್ನೂ ಮಾಡಿಕೊಂಡು ಬಂದಿದೆ. ನಮ್ಮಲ್ಲಿ 2016ರ ಮಾರ್ಗಸೂಚಿಯ ಪ್ರಕಾರ ಸರ್ಕಾರಿ ತಪಾಸಣೆ ಅಂದರೆ 30 ದಾಟಿದವರಿಗೆ ನರ್ಸು ಅಥವಾ ಡಾಕ್ಟರು ಕೈಯಲ್ಲಿ ಮುಟ್ಟಿ ನೋಡೋದು. ಮ್ಯಾಮೊಗ್ರಾಂ ಸ್ಕ್ರೀನಿಂಗ್ ಬಹುಪಾಲು ಖಾಸಗಿ ಲ್ಯಾಬು ಮತ್ತು ಕಂಪನಿ ಪ್ಯಾಕೇಜುಗಳ ಕೈಯಲ್ಲಿದೆ.

ಇಷ್ಟೆಲ್ಲ ಊಹೆ ಇದ್ದಮೇಲೆ ಆ ಸಂಖ್ಯೆ ಇಟ್ಟುಕೊಂಡು ಏನು ಉಪಯೋಗ ಅಂತೀರಾ? ಉಪಯೋಗ ಇದೆ. ಊಹೆ ಎಲ್ಲರಿಗೂ ಒಂದೇ ಆದಾಗ ಹೋಲಿಕೆ ನ್ಯಾಯವಾಗಿರತ್ತೆ. ಈ ಲ್ಯಾಬಿನ ಮಷೀನು ಆ ಲ್ಯಾಬಿನ ಮಷೀನಿಗಿಂತ ಎರಡು ಪಟ್ಟು ಡೋಸ್ ಕೊಡ್ತಾ ಇದ್ದರೆ ಗೊತ್ತಾಗತ್ತೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ವ್ಯತ್ಯಾಸ ಬಂದರೆ ಗೊತ್ತಾಗತ್ತೆ. ಅಮೆರಿಕಾದಲ್ಲಿ 4.2 ಸೆಂ.ಮೀ. ದಪ್ಪದ ಪರೀಕ್ಷಾ ಮಾದರಿಗೆ ಒಂದು ಚಿತ್ರಕ್ಕೆ 3 ಮಿಲಿಗ್ರೇ ದಾಟಬಾರದು ಅಂತ ಕಾನೂನು. ಯೂರೋಪಿನ 2006ರ ಮಾರ್ಗಸೂಚಿ ದಪ್ಪಕ್ಕೆ ತಕ್ಕ ಹಾಗೆ ಮಿತಿ ಹಾಕಿದೆ: 4.5 ಸೆಂ.ಮೀ.ಗೆ 2.0, 6 ಸೆಂ.ಮೀ.ಗೆ 3.0, 9 ಸೆಂ.ಮೀ.ಗೆ 6.5 ಮಿಲಿಗ್ರೇ. ದಪ್ಪ ಎರಡು ಪಟ್ಟಾದರೆ ಮಿತಿ ಮೂರು ಪಟ್ಟಿಗೂ ಮೇಲೆ! ಅಷ್ಟು ಜೋರಾಗಿ ಯಾಕೆ ಒತ್ತುತ್ತಾರೆ ಅಂತ ಬೈಕೊಳ್ಳೋರು ಈ ಮೂರು ಅಂಕಿ ನೋಡಬೇಕು. ಒತ್ತಿ ತೆಳ್ಳಗೆ ಮಾಡಿದಷ್ಟೂ ಕಡಿಮೆ ಕಿರಣ ಸಾಕು. ಆ ನೋವಿಗೆ ಒಂದು ಅರ್ಥ ಇದೆ ಅಂತ ಹೇಳೋದಕ್ಕಾದರೂ ಅಂಕಿ ಬೇಕು.

ಹಲಸೂರು ಸೋಮೇಶ್ವರ ದೇವಸ್ಥಾನದ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ವಯಸ್ಸು 54. ಈ ವರ್ಷ ಮ್ಯಾಮೊಗ್ರಾಂ ಮಾಡಿಸುವಾಗ "ಎಷ್ಟು ಕಿರಣ ಬಿತ್ತಮ್ಮ?" ಅಂತ ಟೆಕ್ನಿಶಿಯನ್ ಹುಡುಗಿಯನ್ನ ಕೇಳಿದ್ದಾರೆ. "ಏನೂ ಆಗಲ್ಲ ಆಂಟಿ, ಉಸಿರು ಹಿಡ್ಕೊಳ್ಳಿ" ಅಂತ ಉತ್ತರ. ಚಿಕ್ಕಮ್ಮ ಸಿಡಿ ತಂದು ನನ್ನ ಕೈಗೆ ಕೊಟ್ಟರು. ಆಸ್ಪತ್ರೆಯ ಚಿತ್ರಗಳೆಲ್ಲ ಡೈಕಾಮ್ ಅನ್ನೋ ಫಾರ್ಮ್ಯಾಟಿನಲ್ಲಿರ್ತವೆ, ಪುಕ್ಕಟೆ ವ್ಯೂಯರ್ ಹಾಕಿಕೊಂಡರೆ ಯಾರು ಬೇಕಾದರೂ ತೆಗೀಬಹುದು. ಚಿತ್ರದ ಜೊತೆಗೆ ಹೆಡರ್ ಇರತ್ತೆ. ಅದರಲ್ಲಿ 0040,0316 ಅನ್ನೋ ಟ್ಯಾಗಿನ ಹೆಸರು ಆರ್ಗನ್ ಡೋಸ್. 0018,11ಎ0 ಅನ್ನೋದು ಒತ್ತಿದ ದಪ್ಪ. ನಾಲ್ಕು ಚಿತ್ರ, ನಾಲ್ಕು ಅಂಕಿ: 0.0139, 0.0141, 0.0163, 0.0166.

ಒಂದು ಎಚ್ಚರಿಕೆ. ಈ ಟ್ಯಾಗಿನ ಮಾನ ಮಿಲಿಗ್ರೇ ಅಲ್ಲ, ಡೆಸಿಗ್ರೇ. ನೂರರಿಂದ ಗುಣಿಸಿದರೆ ಮಿಲಿಗ್ರೇ ಸಿಗತ್ತೆ. ಹಾಗೆ ಗುಣಿಸಿದರೆ ಒಂದೊಂದು ಚಿತ್ರಕ್ಕೆ ಸುಮಾರು ಒಂದೂವರೆ ಮಿಲಿಗ್ರೇ, ಒಂದೊಂದು ಬದಿಗೆ ಎರಡು ಚಿತ್ರ ಸೇರಿ ತಲಾ ಸುಮಾರು 3 ಮಿಲಿಗ್ರೇ. ಅಮೆರಿಕಾದ ದೊಡ್ಡ ಡಿಮಿಸ್ಟ್ ಅಧ್ಯಯನದಲ್ಲಿ ಡಿಜಿಟಲ್ ಮಷೀನಿನ ಸರಾಸರಿ ಒಂದು ಚಿತ್ರಕ್ಕೆ 1.86 ಮಿಲಿಗ್ರೇ, ಹಳೇ ಫಿಲ್ಮಿನದು 2.37. ಚಿಕ್ಕಮ್ಮನದು ಅದಕ್ಕಿಂತ ಕಡಿಮೆ. ಇಷ್ಟು ಹೇಳಿದ್ದಕ್ಕೆ ಚಿಕ್ಕಮ್ಮನ ಮುಖ ಸಡಿಲವಾಯಿತು. ಇದನ್ನ ಹೇಳೋಕೆ ಆ ಲ್ಯಾಬಿಗೆ ಬೇಕಾಗಿದ್ದದ್ದು ಒಂದು ಸಾಲು ಇಂಕು. ಮನೆಯಲ್ಲಿ ಸಾಫ್ಟ್‌ವೇರ್ ಓದಿದವರಿಲ್ಲದ ಹೆಂಗಸರು ಏನು ಮಾಡಬೇಕು?

ಇನ್ನು "ಇದು ಇಷ್ಟು ದಿನದ ಸಹಜ ವಿಕಿರಣಕ್ಕೆ ಸಮ" ಅನ್ನೋ ಹೋಲಿಕೆಗಳು. ಭೂಮಿ, ಗಾಳಿ, ಆಕಾಶ, ಊಟ ಎಲ್ಲದರಿಂದ ನಮಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ಬರತ್ತೆ. ಕೇರಳದ ಕರುನಾಗಪಳ್ಳಿಯ ಮೋನಜೈಟ್ ಮರಳಿನ ಮೇಲೆ ಬದುಕೋರಿಗೆ ಇದರ ಎಷ್ಟೋ ಪಟ್ಟು. ಅಲ್ಲಿನ ಜನರನ್ನ ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಆ ಕಾರಣಕ್ಕೆ ಕ್ಯಾನ್ಸರ್ ಹೆಚ್ಚಾದದ್ದು ಕಂಡಿಲ್ಲ. ಆದರೆ ಮ್ಯಾಮೊಗ್ರಾಂ ಜೊತೆ ಹೋಲಿಸೋದಕ್ಕೆ ಮುಂಚೆ ಒಂದು ಅಂಗಕ್ಕೆ ಬಿದ್ದ ಡೋಸನ್ನ ಇಡೀ ಮೈಯ ಲೆಕ್ಕಕ್ಕೆ ತಿರುಗಿಸಬೇಕು. ಅದಕ್ಕೆ ಪ್ರತಿ ಅಂಗಕ್ಕೂ ಒಂದು ತೂಕ ಇಟ್ಟಿದ್ದಾರೆ. ಸ್ತನದ ತೂಕ 1990ರ ಅಂತಾರಾಷ್ಟ್ರೀಯ ಶಿಫಾರಸಿನಲ್ಲಿ 0.05 ಇತ್ತು. 2007ರಲ್ಲಿ ಅದನ್ನ 0.12 ಮಾಡಿದರು. ಅದೇ ಮಷೀನು, ಅದೇ ಹೆಂಗಸು, ಅದೇ 3.7 ಮಿಲಿಗ್ರೇ. ಹಳೇ ತೂಕದಲ್ಲಿ 0.19 ಮಿಲಿಸೀವರ್ಟ್, ಅಂದರೆ ಸುಮಾರು ಒಂದು ತಿಂಗಳ ಸಹಜ ವಿಕಿರಣ. ಹೊಸ ತೂಕದಲ್ಲಿ 0.44, ಅಂದರೆ ಎರಡು ತಿಂಗಳ ಮೇಲೆ. ಯಾರ ಮೈಯಲ್ಲೂ ಏನೂ ಬದಲಾಗಲಿಲ್ಲ, ಕೋಷ್ಟಕ ಬದಲಾಯಿತು.

ಅದಕ್ಕೇ ಹೋಲಿಕೆ ಮಾತ್ರ ಹೇಳಿ ಸುಮ್ಮನಾಗೋದು ನನಗೆ ಒಪ್ಪಿಗೆ ಇಲ್ಲ. ಮೂಲ ಅಂಕಿ ಕೊಡಿ, ಮಿಲಿಗ್ರೇಯಲ್ಲಿ. ಕೋಷ್ಟಕ ನಾಳೆ ಬದಲಾದರೂ ಅದರಿಂದ ಮತ್ತೆ ಲೆಕ್ಕ ಹಾಕಬಹುದು. ಪ್ರೋಗ್ರಾಮರುಗಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರಾ ಡೇಟಾ ಬಿಸಾಕಿ ರೌಂಡ್ ಮಾಡಿದ ಉತ್ತರ ಮಾತ್ರ ಇಟ್ಟುಕೊಂಡರೆ ಆಮೇಲೆ ಏನು ಗತಿ ಅಂತ ನಮಗೆಲ್ಲ ಗೊತ್ತು.

ಈ ಅಂಕಿ ನಿಜವಾಗಿ ಬೇಕಾಗಿರೋದು ಯಾರಿಗೆ? ನನ್ನ ಪ್ರಕಾರ ಚಿಕ್ಕಮ್ಮನಿಗಿಂತ ನನ್ನ ವಯಸ್ಸಿನವರಿಗೆ. ವಿಕಿರಣದಿಂದ ಸ್ತನ ಕ್ಯಾನ್ಸರ್ ಬರಬಹುದು ಅನ್ನೋದು ಸುಮ್ಮನೆ ಹುಟ್ಟಿದ ಭಯ ಅಲ್ಲ. 1965ರಲ್ಲಿ ಕೆನಡಾದ ಇಯಾನ್ ಮೆಕೆಂಜಿ ಅನ್ನೋ ವೈದ್ಯರು ಕ್ಷಯಕ್ಕೆ ಚಿಕಿತ್ಸೆ ಪಡೆಯುವಾಗ ಮತ್ತೆ ಮತ್ತೆ ಫ್ಲೋರೋಸ್ಕೋಪಿಗೆ ಒಳಗಾದ ಹೆಂಗಸರಲ್ಲಿ ಇದನ್ನ ಗುರುತಿಸಿದರು. ಹಿರೋಷಿಮಾ ನಾಗಸಾಕಿಯಲ್ಲಿ ಬದುಕುಳಿದವರಲ್ಲೂ ಕಂಡಿತು. ಅವರಿಗೆ ಬಿದ್ದ ಡೋಸು ಒಂದು ಮ್ಯಾಮೊಗ್ರಾಂನದಕ್ಕಿಂತ ಬಹಳ ಪಟ್ಟು ಹೆಚ್ಚು, ನಿಜ. ಆದರೆ ಎರಡೂ ಕಡೆ ಕಂಡದ್ದು ಒಂದೇ: ಎಳೇ ವಯಸ್ಸಿನಲ್ಲಿ ಬಿದ್ದ ಕಿರಣದ ಅಪಾಯ ಜಾಸ್ತಿ, ವಯಸ್ಸಾದಂತೆ ಕಡಿಮೆ.

ಈಗ ಲೆಕ್ಕ ನೋಡಿ. 2016ರಲ್ಲಿ ಡಯಾನಾ ಮಿಲ್ಯೊರೆಟ್ಟಿ ಮತ್ತು ಸಂಗಡಿಗರು ಅಮೆರಿಕಾದ ಹೆಂಗಸರಿಗೆ ಮಾಡಿದ ಅಂದಾಜಿನಲ್ಲಿ, ಒಂದು ಲಕ್ಷ ಹೆಂಗಸರು 40ರಿಂದ 74ರವರೆಗೆ ಪ್ರತಿ ವರ್ಷ ಮ್ಯಾಮೊಗ್ರಾಂ ಮಾಡಿಸಿಕೊಂಡರೆ ವಿಕಿರಣದಿಂದ 125 ಕ್ಯಾನ್ಸರ್, 16 ಸಾವು. ತಪ್ಪೋ ಸಾವು 968. 50ರಿಂದ ಶುರು ಮಾಡಿ ಎರಡು ವರ್ಷಕ್ಕೊಮ್ಮೆ ಮಾಡಿಸಿದರೆ ವಿಕಿರಣದ ಕ್ಯಾನ್ಸರ್ 27ಕ್ಕೆ ಇಳಿಯತ್ತೆ. ಐವತ್ತು ದಾಟಿದವರಿಗೆ ವಿಕಿರಣದ ಹೆದರಿಕೆಯಿಂದ ಮ್ಯಾಮೊಗ್ರಾಂ ಬಿಡೋದು ನಷ್ಟದ ವ್ಯಾಪಾರ ಅಂತ ಈ ಅಂಕಿಗಳೇ ಹೇಳ್ತಾವೆ. ವಾಟ್ಸಾಪ್ ಫಾರ್ವರ್ಡಿಗೆ ಉತ್ತರ ಇದು, "ಏನೂ ಆಗಲ್ಲ" ಅಲ್ಲ.

ಆದರೆ ಅದೇ ಅಂಕಿಗಳು ಇನ್ನೊಂದು ಮಾತನ್ನೂ ಹೇಳ್ತಾವೆ. ಕಂಪನಿಗಳ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ 27, 28ರ ಹುಡುಗಿಯರಿಗೂ "ಫ್ರೀ ಇದೆ, ಮಾಡಿಸ್ಕೊಳ್ಳಿ" ಅಂತ ಮ್ಯಾಮೊಗ್ರಾಂ ಸೇರಿಸಿರೋದನ್ನ ನಾನೇ ನೋಡಿದ್ದೀನಿ. ಗಂಟಿಲ್ಲ, ಮನೆತನದಲ್ಲಿ ಯಾರಿಗೂ ಇಲ್ಲ, ಡಾಕ್ಟರು ಹೇಳಿಲ್ಲ. ಈ ವಯಸ್ಸಿನಲ್ಲಿ ಗ್ರಂಥಿ ದಟ್ಟ, ಚಿತ್ರದಲ್ಲಿ ಗಂಟು ಕಾಣೋದೂ ಕಷ್ಟ, ಸುಳ್ಳು ಗಾಬರಿ ಜಾಸ್ತಿ, ಕಿರಣದ ಅಪಾಯವೂ ಜಾಸ್ತಿ. ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಸ್ತನ ಕ್ಯಾನ್ಸರ್ ಕಾಣಿಸಿಕೊಳ್ಳತ್ತೆ ಅನ್ನೋದನ್ನ ಇದಕ್ಕೆ ಸಮರ್ಥನೆ ಕೊಡ್ತಾರೆ. ನಮ್ಮಲ್ಲಿ ಚಿಕ್ಕ ವಯಸ್ಸಿನವರೇ ಜಾಸ್ತಿ ಇರೋದೂ ಅದಕ್ಕೆ ಒಂದು ಕಾರಣ ಅಂತ ಹೇಳಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಶುರು ಮಾಡಿ ಒಂದೂವರೆ ಲಕ್ಷ ಹೆಂಗಸರನ್ನ ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ಮುಟ್ಟಿ ನೋಡಿದ್ದಕ್ಕೇ 50 ದಾಟಿದವರಲ್ಲಿ ಸಾವು ಸುಮಾರು 30 ಶೇಕಡ ಕಡಿಮೆಯಾಯಿತು. ಒಂದು ಕಿರಣವೂ ಇಲ್ಲದೆ! ಐವತ್ತರ ಒಳಗಿನವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ಲಾಭ ಕಾಣಲಿಲ್ಲ.

"ರೇಡಿಯೇಶನ್ ಇಲ್ಲವೇ ಇಲ್ಲ" ಅನ್ನೋ ಮಾತನ್ನ ಮುಂದಿಟ್ಟು ಬಂದ ಉಪಾಯಗಳೂ ಇವೆ. ನಮ್ಮ ಬೆಂಗಳೂರಿನಲ್ಲೇ 2016ರಲ್ಲಿ ಶುರುವಾದ ನಿರಾಮಯ್ ಕಂಪನಿ ಮೈಯ ಶಾಖದ ಚಿತ್ರ ತೆಗೆದು ಸಾಫ್ಟ್‌ವೇರಿನಿಂದ ಓದಿಸತ್ತೆ. ಪ್ರಯತ್ನ ಒಳ್ಳೇದೇ. ಆದರೆ ಶಾಖದ ಚಿತ್ರ ಯಾವುದೇ ಇರಲಿ, ಅದು ಮ್ಯಾಮೊಗ್ರಾಂಗೆ ಬದಲಿ ಅಲ್ಲ ಅಂತ ಅಮೆರಿಕಾದ ಎಫ್‌ಡಿಎ 2019ರಲ್ಲಿ ಎಚ್ಚರಿಸಿದೆ. ಅಂಕಿ ಗೊತ್ತಿಲ್ಲದ ಕಡೆ ಭಯವೇ ಸರಕಾಗತ್ತೆ, ಆ ಸರಕಿಗೆ ಗಿರಾಕಿ ಸಿಕ್ಕೇ ಸಿಗ್ತಾರೆ.

ಡಾಕ್ಟರು ಗೆಳೆಯರೊಬ್ಬರು ನನಗೆ ಹೇಳಿದ ಆಕ್ಷೇಪ: "ಅಂಕಿ ಬರೆದರೆ ಜನ ಹೆದರ್ತಾರೆ." ಅಲ್ಲ ಸಾರ್, ಸಕ್ಕರೆ 182, ಹಿಮೋಗ್ಲೋಬಿನ್ 9.8 ಅಂತ ಬರೆದು ಪಕ್ಕದಲ್ಲಿ ಇಷ್ಟರಿಂದ ಇಷ್ಟು ಇರಬೇಕು ಅಂತ ಬರೀತೀರಲ್ಲ, ಆಗ ಹೆದರಲ್ವಾ? ಇಲ್ಲೂ ಹಾಗೇ ಬರೀರಿ. "ಪ್ರತಿ ಬದಿಗೆ ಸುಮಾರು 3 ಮಿಲಿಗ್ರೇ, ಅಂದಾಜು, ಈ ದಪ್ಪಕ್ಕೆ ಯೂರೋಪಿನ ಮಿತಿ ಒಂದು ಚಿತ್ರಕ್ಕೆ ಇಷ್ಟು" ಅಂತ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೇದು. "ಅಂದಾಜು" ಅನ್ನೋ ಪದ ನಮ್ಮ ಅಜ್ಜಿಗೂ ಗೊತ್ತು.

ಇದೇನು ನಾನು ಹೊಸದಾಗಿ ಕಂಡುಹಿಡಿದ ಬೇಡಿಕೆಯಲ್ಲ. ಯೂರೋಪಿನ 2013ರ ನಿರ್ದೇಶನದ ಪ್ರಕಾರ ರೋಗಿಗೆ ಬಿದ್ದ ವಿಕಿರಣದ ಮಾಹಿತಿ ರಿಪೋರ್ಟಿನ ಭಾಗವಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಸಿಟಿ ಸ್ಕ್ಯಾನಿಗೆ ಡೋಸ್ ಬರೆಯೋದು ಕಡ್ಡಾಯ. 2024ರ ಸೆಪ್ಟೆಂಬರಿನಿಂದ ಅಮೆರಿಕಾದಲ್ಲಿ ನಿಮ್ಮ ಸ್ತನ ದಟ್ಟವೋ ಅಲ್ಲವೋ ಅಂತ ಮ್ಯಾಮೊಗ್ರಾಂ ಮಾಡಿಸಿದ ಪ್ರತಿಯೊಬ್ಬ ಹೆಂಗಸಿಗೂ ತಿಳಿಸಲೇಬೇಕು. ನಮ್ಮಲ್ಲಿ 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ ಎಕ್ಸ್‌ರೇ ಮಷೀನುಗಳಿಗೆ ಲೈಸೆನ್ಸ್ ಕೊಡತ್ತೆ, ಕಾಲಕಾಲಕ್ಕೆ ಗುಣಮಟ್ಟ ಪರೀಕ್ಷೆ ಮಾಡಿಸಿ ಅನ್ನತ್ತೆ. ಮಷೀನಿಗೆ ಕಾಗದ ಇದೆ, ಅದರ ಮುಂದೆ ನಿಂತ ಹೆಂಗಸಿಗೂ ಒಂದು ಕಾಗದ ಇರಲಿ ಅನ್ನೋದು ನನ್ನ ವಾದ. ವೈಟ್‌ಫೀಲ್ಡಿನಲ್ಲಿ ಜಿಇ ಕಂಪನಿಯ ವೆಲ್ಚ್ ಟೆಕ್ನಾಲಜಿ ಸೆಂಟರ್ 2000ದಲ್ಲೇ ಶುರುವಾದ ಊರು ಇದು. ಆಸ್ಪತ್ರೆ ಮಷೀನಿನ ಸಾಫ್ಟ್‌ವೇರ್ ಬರೆಯೋರು ನಮ್ಮ ಅಕ್ಕಪಕ್ಕದ ಪಿಜಿಗಳಲ್ಲೇ ಇದ್ದಾರೆ. ಹೆಡರಿನಲ್ಲಿರೋ ಅಂಕಿಯನ್ನ ನೂರರಿಂದ ಗುಣಿಸಿ ರಿಪೋರ್ಟಿನ ಟೆಂಪ್ಲೇಟಿಗೆ ಹಾಕೋದು ಒಂದು ಮಧ್ಯಾಹ್ನದ ಕೆಲಸ.

ಸದ್ಯಕ್ಕೆ ನಾವು ಮಾಡಬಹುದಾದದ್ದು: ಲ್ಯಾಬಿಗೆ ಹೋದಾಗ ಮಷೀನಿಗೆ ಮಂಡಳಿಯ ಲೈಸೆನ್ಸ್ ಇದೆಯಾ ಅಂತ ಕೇಳಿ. ಸಿಡಿಯನ್ನೋ ಡೌನ್‌ಲೋಡ್ ಲಿಂಕನ್ನೋ ಬಿಡದೆ ಇಸಕೊಳ್ಳಿ. ಹಳೇ ಚಿತ್ರಗಳನ್ನ ಎಸೀಬೇಡಿ, ಹೋಲಿಸೋಕೆ ಅವು ಸಿಕ್ಕರೆ ಮತ್ತೆ ತೆಗೆಯೋದು ಎಷ್ಟೋ ಸಲ ತಪ್ಪತ್ತೆ. ನಲವತ್ತರ ಒಳಗಿದ್ದು ಯಾವ ಲಕ್ಷಣವೂ ಇಲ್ಲದೆ ಪ್ಯಾಕೇಜಿನಲ್ಲಿ ಫ್ರೀ ಅಂತ ಮ್ಯಾಮೊಗ್ರಾಂ ಬಂದರೆ ಮೊದಲು ಡಾಕ್ಟರನ್ನ ಕೇಳಿ. ಗಂಟು ಕಂಡರೆ ಮಾತ್ರ ವಯಸ್ಸು, ಡೋಸು ಯಾವುದನ್ನೂ ಲೆಕ್ಕಿಸದೆ ಅವತ್ತೇ ಹೋಗಿ ತೋರಿಸಿ. ಆಮೇಲೆ ಕೌಂಟರಿನಲ್ಲಿ ಎಲ್ಲರಿಗೂ ಕೇಳೋ ಹಾಗೆ ಒಂದು ಪ್ರಶ್ನೆ: "ಡೋಸ್ ಎಷ್ಟು ಅಂತ ರಿಪೋರ್ಟಿನಲ್ಲಿ ಬರೆದು ಕೊಡ್ತೀರಾ?" ಹತ್ತು ಜನ ಕೇಳಿದರೆ ನಗ್ತಾರೆ. ನೂರು ಜನ ಕೇಳಿದರೆ ಟೆಂಪ್ಲೇಟ್ ಬದಲಾಯಿಸ್ತಾರೆ.

ನಿಮ್ಮ ಮನೆಯಲ್ಲಿ ಹಳೇ ಸಿಡಿ ಇದ್ದರೆ ಆ ಟ್ಯಾಗ್ ತೆಗೆದು ನೋಡಿ. ದಪ್ಪ ಎಷ್ಟು, ಡೋಸ್ ಎಷ್ಟು ಅಂತ ಎರಡೇ ಅಂಕಿ, ಹೆಸರು ವಿವರ ಏನೂ ಬೇಡ, ಇಲ್ಲಿ ಕೆಳಗೆ ಹಾಕಿ. ಏನಂತೀರಿ?